ಕೊಟ್ಟಿಗೆಯಿದ್ದ ಗೊಂಬೆಮನೆ

ಹುಣಸೂರಿನ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿ ಬಂದಾಗ ನನಗಿನ್ನೂ ಮೂವತ್ತು ತುಂಬಿರಲಿಲ್ಲ. ಮೈ ಮಾತ್ರ ಆಗಲೇ ಸೋತುಹೋಗಿತ್ತು. ಅದಕ್ಕೆ ಹಿಂದಿನ ನಾಲ್ಕು ವರ್ಷ ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಊರುಗಳಲ್ಲಿ ಪಾಠ ಹೇಳಿದ್ದೆ. ಅಲ್ಲಿಂದ ತಂದದ್ದು ಒಂದು ತಗಡಿನ ಟ್ರಂಕು, ಒಂದು ಸುರುಳಿ ಹಾಸಿಗೆ, ಬಿಟ್ಟು ಬಿಟ್ಟು ಬರುವ ಚಳಿಜ್ವರ. ಜ್ವರ ಬಂದ ದಿನ ಮಕ್ಕಳಿಗೆ ಮಗ್ಗಿ ಬರೆಯಲು ಹೇಳಿ ಗೋಡೆಗೆ ಒರಗಿ ಕೂರುತ್ತಿದ್ದೆ. ಕ್ವಿನೈನ್ ನುಂಗಿ ನುಂಗಿ ಕಿವಿಯೊಳಗೆ ಯಾವಾಗಲೂ ಜೀರುಂಡೆ ಕೂಗುತ್ತಿತ್ತು. ಮಕ್ಕಳು ಮೆಲ್ಲಗೆ ಮಾತಾಡಿದರೆ ಕೇಳಿಸುತ್ತಿರಲಿಲ್ಲ, ಜೋರಾಗಿ ಮಾತಾಡಿದರೆ ತಲೆ ಸಿಡಿಯುತ್ತಿತ್ತು.

ನಾನು ಹುಟ್ಟಿದ್ದು ಕೃಷ್ಣರಾಜನಗರದ ಬಳಿಯ ನಾಲೆ ಬಯಲಿನ ಒಂದು ಹಳ್ಳಿಯಲ್ಲಿ, ಭತ್ತ ಬೆಳೆಯುವವರ ಮನೆಯಲ್ಲಿ. ಹದಿಮೂರಕ್ಕೆ ಮದುವೆಯಾಯಿತು. ಹದಿನಾರಕ್ಕೆ ಗಂಡ ತೀರಿಹೋದರು. ಅಣ್ಣಂದಿರು ಬೇಡವೆಂದರೂ ಕೇಳದೆ ಅಪ್ಪ ನನ್ನನ್ನು ಮೈಸೂರಿಗೆ ಕರೆದೊಯ್ದು ಟ್ರೈನಿಂಗಿಗೆ ಸೇರಿಸಿದರು. ಆಮೇಲೆ ನಾನು ಇದ್ದದ್ದೆಲ್ಲ ಬೇರೆಯವರ ಮನೆಯ ಒಂದು ಕೋಣೆ, ಒಂದು ಒಲೆ. ಅದಕ್ಕಾಗಿ ಅತ್ತವಳಲ್ಲ. ಅಳುವುದಕ್ಕೂ ಕೊಂಚ ತ್ರಾಣ ಬೇಕಾಗುತ್ತದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು ಇದು. ಊರಾಚೆಯ ಬಂಗಲೆಯೊಂದರಲ್ಲಿ ಕಾಫಿ ವ್ಯಾಪಾರದ ಒಬ್ಬ ದೊರೆಯ ಸಂಸಾರವಿತ್ತು. ದೊರೆಸಾನಿಗೆ ಅಡಿಗೆಯವನ ಜೊತೆ, ಮಾಲಿಯ ಜೊತೆ ಮಾತಾಡುವಷ್ಟು ಕನ್ನಡ ಬೇಕಿತ್ತು. ವಾರಕ್ಕೆ ಎರಡು ಸಂಜೆ ನಾನು ಹೋಗಿ ಹೇಳಿಕೊಡುತ್ತಿದ್ದೆ. 'ನೀರು ಕಾಯಿಸು', 'ಬಾಗಿಲು ಮುಚ್ಚು' ಎನ್ನುವಷ್ಟು ಕಲಿಯುವ ಹೊತ್ತಿಗೆ ಅವರು ಸೀಮೆಗೆ, ಇಂಗ್ಲೆಂಡಿಗೆ, ಹೊರಟುನಿಂತರು. ಹೊರಟ ಮಾರನೆಯ ದಿನ ಶಾಲೆಯ ಮುಂದೆ ಒಂದು ಎತ್ತಿನ ಗಾಡಿ ಬಂದು ನಿಂತಿತು. ಗೋಣಿತಾಟು ಸುತ್ತಿದ, ನನ್ನ ಎದೆಯೆತ್ತರದ ಏನೋ ಒಂದನ್ನು ಇಬ್ಬರು ಆಳುಗಳು ಇಳಿಸಿದರು. ಚೀಟಿಯಲ್ಲಿ 'ನಿಮ್ಮ ಶಾಲೆಯ ಹುಡುಗಿಯರಿಗೆ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

ಅದೊಂದು ಗೊಂಬೆಮನೆ. ಬೀರುವಿನಂತೆ ಮುಂದಿನ ಗೋಡೆಯೇ ಬಾಗಿಲಾಗಿ ತೆರೆದುಕೊಳ್ಳುವಂಥದ್ದು. ಒಳಗೆ ಮೂರು ಅಂತಸ್ತು, ಆರು ಕೋಣೆ, ನಡುವೆ ಒಂದು ಏಣಿಮೆಟ್ಟಿಲು. ಚೆನ್ನಾಗಿದ್ದ ಕಾಲದಲ್ಲಿ ಎಷ್ಟು ಚೆನ್ನಾಗಿತ್ತೋ, ನಮ್ಮಲ್ಲಿಗೆ ಬರುವಾಗ ತಳವನ್ನು ಗೆದ್ದಲು ತಿಂದಿತ್ತು. ಗೋಡೆಗೆ ಅಂಟಿಸಿದ್ದ ಗುಲಾಬಿ ಹೂವಿನ ಕಾಗದ ಕಿತ್ತು ಜೋತಾಡುತ್ತಿತ್ತು. ಮೆಟ್ಟಿಲು ಅರ್ಧಕ್ಕೆ ಮುರಿದಿತ್ತು. ಮಂಚಕ್ಕೆ ಮೂರೇ ಕಾಲು.

ನಮ್ಮ ಹೆಡ್‌ಮಿಸ್ಟ್ರೆಸ್ಸು ಮೈಸೂರಿನವರು, ಅಚ್ಚುಕಟ್ಟಿನ ಹೆಂಗಸು. ಅವರು ಅದನ್ನು ಸುತ್ತಿ ನೋಡಿ, "ಎಲ್ಲಾದರೂ ಒಂದು ಮೂಲೆಯಲ್ಲಿ ಇಡಿಸಿ. ನಿಮಗೆ ಬಿಡುವಾದಾಗ ಸರಿಮಾಡಿಸೋಣ" ಎಂದರು. ನನಗೆ ಎಂಟು ತಿಂಗಳು ಬಿಡುವಾಗಲಿಲ್ಲ. ನಿಜ ಹೇಳಬೇಕೆಂದರೆ ಅದರ ಕಡೆ ನೋಡಿದರೇ ಸುಸ್ತಾಗುತ್ತಿತ್ತು. ಅದರ ಮೇಲೆ ಸೀಮೆಸುಣ್ಣದ ಡಬ್ಬಗಳು ಬಂದವು, ಹರಿದ ಭೂಪಟ ಬಂತು, ಮಳೆಗಾಲದಲ್ಲಿ ಹೆಂಚಿನ ಸಂದಿನಿಂದ ನೀರೂ ಬಂತು.

ಒಂದು ದಿನ ಮೂರನೆಯ ಕ್ಲಾಸಿನ ಹುಡುಗಿಯೊಬ್ಬಳು ಅದರ ಬಾಗಿಲನ್ನು ಎಳೆದಳು. ಹಾರನಹಳ್ಳಿಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಹುಡುಗಿ ಅವಳು. ಎಳೆದ ರಭಸಕ್ಕೆ ಮೇಲಂತಸ್ತಿನ ಹಾಸಿಗೆಮನೆಯಿಂದ ಇನ್ನೂ ಕಣ್ಣು ಬಿಡದ ಐದು ಇಲಿಮರಿ ಅವಳ ಲಂಗದ ಮೇಲೆ ಬಿದ್ದವು. ಇಡೀ ಶಾಲೆ ಬೆಂಚು ಹತ್ತಿ ನಿಂತಿತು. ಆ ಹುಡುಗಿ ಮಾತ್ರ ಲಂಗವನ್ನು ಜೋಳಿಗೆಯಂತೆ ಹಿಡಿದುಕೊಂಡು, "ಇವ್ರವ್ವ ಎಲ್ಲೋದ್ಲು?" ಎಂದು ಒಳಗೆ ಹುಡುಕುತ್ತಿದ್ದಳು.

ಹೆಡ್‌ಮಿಸ್ಟ್ರೆಸ್ಸು ಮೂಗಿಗೆ ಸೆರಗು ಹಿಡಿದು ಬಂದರು. "ಸಾಕು, ಇದನ್ನ ಒಡೆಸಿ ಒಲೆಗೆ ಹಾಕಿಸಿಬಿಡಿ."

"ನಾನು ಮನೆಗೆ ತಗೊಂಡು ಹೋಗ್ತೀನಿ" ಎಂದೆ.

ಯಾಕೆ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ. ಗೊಂಬೆಗಳ ಮೇಲೆ ನನಗೆ ಅಂಥ ಪ್ರೀತಿಯೇನೂ ಇರಲಿಲ್ಲ. ಆಡಿದ ಮಾತು ವಾಪಸು ತೆಗೆದುಕೊಳ್ಳುವುದು ಇನ್ನೊಂದು ತೊಂದರೆ ಅನ್ನಿಸಿ ಸುಮ್ಮನಾದೆ. ಸಂಜೆ ಶಾಲೆಯ ಜವಾನ ಅದನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಬಂದು ನನ್ನ ಬಿಡಾರದ ಜಗಲಿಯ ಮೇಲೆ ಇಳಿಸಿದ.

ನಾನಿದ್ದ ಬೀದಿಯಲ್ಲಿ ಎದುರುಮನೆ ಬಡಗಿ ಸಾಬರದು. ವಯಸ್ಸಾದವರು. ಹುಣಸೂರು ಗಾಡಿ ಕಟ್ಟುವವರ ಊರು. ಇವರ ಅಪ್ಪ, ಅಜ್ಜ ಎಲ್ಲ ಗಾಡಿಯ ಚಕ್ರ ಮಾಡಿಕೊಂಡು ಬಂದವರು. ಮೋಟಾರು ಬಂದ ಮೇಲೆ ಕೆಲಸ ಕಡಿಮೆಯಾಗಿತ್ತು, ಕಣ್ಣಿಗೂ ಪೊರೆ ಕವಿಯುತ್ತಿತ್ತು. ಮಕ್ಕಳೆಲ್ಲ ಬೇರೆ ಊರು ಸೇರಿದ್ದರು. ಮನೆಯಲ್ಲಿ ಅವರು, ಅವರ ಹೆಂಡತಿ. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಜ್ವರ ಬಂದ ದಿನ ಆಕೆಯೇ ನನಗೆ ಗಂಜಿ ಕಳಿಸುತ್ತಿದ್ದುದು.

ಸಾಬರು ಬೀದಿ ದಾಟಿ ಬಂದು ಗೊಂಬೆಮನೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ಕೈಯಿಂದ ತಡವಿದರು. ತಳಕ್ಕೆ ಉಗುರಿನಿಂದ ಕುಟ್ಟಿ ಕಿವಿಗೊಟ್ಟರು.

"ಗೆದ್ಲು ಅಡಿ ಹಲಗೆ ಮಾತ್ರ ತಿಂದದೆ ಕಣಮ್ಮ. ಮ್ಯಾಲೆ ಮರ ಗಟ್ಟಿ ಅದೆ. ಮಾಡ್ದೋನು ಕೆಲ್ಸ ಬಲ್ಲೋನು. ನೋಡಿ, ಎಲ್ಲೂ ಮೊಳೆ ಒಡ್ದಿಲ್ಲ, ಎಲ್ಲಾ ಕೂರ್ಸಿರೋದು."

"ಸರಿಹೋಗುತ್ತಾ ಸಾಬ್ರೇ?"

"ಹೋಗ್ದೆ ಏನು? ನಂಗೂ ಕೈ ಖಾಲಿ ಅದೆ. ಆದ್ರೆ ಮೇಷ್ಟ್ರಮ್ಮ, ಸಣ್ಣ ಕೆಲ್ಸ ಕಣ್ಣಿಗೆ ಕಾಣಕಿಲ್ಲ. ನೀವು ಪಕ್ಕದಲ್ಲಿ ಕೂತು ನಂಗೆ ಕಣ್ಣಾಗ್ಬೇಕು."

ಹಾಗೆ ಶುರುವಾಯಿತು. ಭಾನುವಾರಗಳು, ರಜೆಯ ದಿನಗಳು, ಶಾಲೆ ಬಿಟ್ಟ ಮೇಲೆ ಬೆಳಕಿರುವ ತನಕ. ಅವರ ಅಂಗಳದಲ್ಲಿ ಹಳೇ ಚಕ್ರದ ಮೇಲೆ ಹಲಗೆ ಹಾಸಿ ಅದರ ಮೇಲೆ ಮನೆಯನ್ನಿಟ್ಟೆವು. ಅವರು ಗೆದ್ದಲು ತಿಂದ ತಳ ತೆಗೆದು ತೇಗದ ಹಲಗೆ ಕೂರಿಸಿದರು. ಮೆಟ್ಟಿಲಿಗೆ ಹನ್ನೊಂದು ಹೊಸ ಹಲಗೆ ಬೇಕಾಯಿತು, ಒಂದೊಂದೂ ನನ್ನ ಕಿರುಬೆರಳಿನಷ್ಟು. ಗಾಡಿಯ ಅಚ್ಚಿಗೆ ರಂಧ್ರ ಕೊರೆದ ಕೈ ಅದು, ಇಂಥ ಸಣ್ಣ ಕೆಲಸಕ್ಕೆ ಒಗ್ಗುತ್ತಿರಲಿಲ್ಲ. ಅವರು ಉಳಿ ಹಿಡಿದರೆ ನಾನು "ಇನ್ನೊಂದು ಕೂದಲೆಳೆ ಎಡಕ್ಕೆ" ಎನ್ನುತ್ತಿದ್ದೆ. ಎಷ್ಟೋ ಸಲ ಇಬ್ಬರೂ ಕೆಲಸ ಬಿಟ್ಟು ಗೋಡೆಗೆ ಒರಗಿ ಕೂತುಬಿಡುತ್ತಿದ್ದೆವು. ಅಕ್ಕ ಒಳಗಿನಿಂದ ಇಣುಕಿ, "ಇಬ್ರೂ ಅಂಗೇ ಮಲಕ್ಕೊಬುಡಿ" ಎಂದು ನಗುತ್ತಿದ್ದರು.

ಕಾಗದದ ಕೆಲಸ ನನ್ನದು. ಹಳೆಯ ಗುಲಾಬಿ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಬಿಡಿಸಿದೆ. ಹುಳ ಹಿಡಿಯದಿರಲೆಂದು ಅಂಟಿನ ಗಂಜಿಗೆ ಚಿಟಿಕೆ ಮೈಲುತುತ್ತ ಹಾಕಿ ಕಾಯಿಸಿದೆ. ಸೀರೆ ಅಂಗಡಿಯಿಂದ ಬಂದ ಬಣ್ಣದ ಕಾಗದ, ನೋಟುಪುಸ್ತಕದ ನೀಲಿ ರಟ್ಟು, ಸಿಕ್ಕಿದ್ದೆಲ್ಲ ಕೋಣೆಗೊಂದರಂತೆ ಅಂಟಿಸಿದೆ. ಅಕ್ಕ ಹಳೇ ಕುಪ್ಪಸದ ಬಟ್ಟೆ ಕತ್ತರಿಸಿ, ಬೂರುಗದ ಹತ್ತಿ ತುಂಬಿ ಹಾಸಿಗೆ ಹೊಲಿದರು. ಮೂರು ಕಾಲಿನ ಮಂಚದಡಿ ಒಂದು ಪುಟ್ಟ ದಿಂಬು ಸಿಕ್ಕಿತ್ತು. ಅಂಚಿಗೆ ಕೆಂಪು ದಾರದಲ್ಲಿ ಸೊಟ್ಟಸೊಟ್ಟ ಹೊಲಿಗೆ. ಯಾವ ದೊರೆಯ ಮಗಳು ಮೊದಲ ಸಲ ಸೂಜಿ ಹಿಡಿದು ಹಾಕಿದ್ದೋ. ಅಕ್ಕ ಅದನ್ನು ಬಿಚ್ಚಿ ಹೊಸದಾಗಿ ಹೊಲಿಯಲು ಹೋದರು. "ಅದು ಇರಲಿ ಅಕ್ಕಾ" ಎಂದೆ.

ಒಂದು ಶನಿವಾರ ಮಧ್ಯಾಹ್ನ ಹಾರನಹಳ್ಳಿಯ ಹುಡುಗಿ ಇನ್ನೂ ನಾಲ್ಕು ಜನರನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಎಲ್ಲರೂ ಒಳಗೆ ತಲೆ ತೂರಿಸಿ ನೋಡಿದರು. ಅವಳು ಮಾತ್ರ ಬಹಳ ಹೊತ್ತು ನೋಡಿ, ಸಿಟ್ಟು ಬಂದವಳಂತೆ ನನ್ನ ಕಡೆ ತಿರುಗಿದಳು.

"ಅಮ್ಮಾ, ಇವ್ರು ಎಮ್ಮೆ ಎಲ್ ಕಟ್ತಾರೆ?"

"ಇದು ಪಟ್ಟಣದವರ ಮನೆ ಕಣೇ. ಅವರಿಗೆ ಎಮ್ಮೆ ಇರಲ್ಲ."

"ಎಮ್ಮೆ ಇಲ್ದಿದ್ರೆ ಆಲು ಎಲ್ಲಿಂದ? ಕೊಟ್ಟಿಗೆ ಇಲ್ದೆ ಮನೆ ಆಯ್ತದಾ?"

ನಾನು ಹುಟ್ಟಿದ ಮನೆಯಲ್ಲೂ ಬಾಗಿಲು ದಾಟಿದೊಡನೆ ಎಡಕ್ಕೆ ಸಿಗುತ್ತಿದ್ದುದು ಕೊಟ್ಟಿಗೆಯೇ. ಅಷ್ಟರಲ್ಲಿ ಉಳಿದವರೂ ಶುರುಮಾಡಿದ್ದರು. ರಾಗಿ ಕಲ್ಲು ಎಲ್ಲಿ, ಒರಳು ಎಲ್ಲಿ, ಭತ್ತ ತುಂಬುವ ವಾಡೆ ಎಲ್ಲಿ. ಒಬ್ಬಳು ಕೈತೊಳೆಯುವ ನೀರು ಎಲ್ಲಿ ಎಂದಳು. ಸೀಮೆಯವರು ಸ್ನಾನಕ್ಕೆ ಕೂರುವ ತಗಡಿನ ತೊಟ್ಟಿಯನ್ನು ಎತ್ತಿ ನೋಡಿ, ಇದು ಕಲಗಚ್ಚಿನ ಬಾನಿ ಎಂದು ಅವರೇ ತೀರ್ಮಾನ ಮಾಡಿದರು.

ಬಡಗಿ ಸಾಬರಿಗೆ ಇದು ಹಿಡಿಸಲಿಲ್ಲ. "ಮಾಡ್ದೋನು ಎಂಗೆ ಮಾಡಿದ್ನೋ ಅಂಗೇ ಇರ್ಬೇಕು ಕಣಮ್ಮ. ಇನ್ನೊಬ್ಬನ ಕೆಲ್ಸದ ಮ್ಯಾಲೆ ನಾವು ಕೈ ಆಡಿಸ್ಬಾರ್ದು. ಅದು ಸರಿ ಅಲ್ಲ."

"ಮಕ್ಕಳು ಆಡೋದಕ್ಕೆ ಅಲ್ವಾ ಸಾಬ್ರೇ?"

"ಆಡ್ಲಿ. ದಿವಾನಖಾನೇಲಿ ಎಮ್ಮೆ ಕಟ್ಟೋದಾ?"

ಎರಡು ದಿನ ಅವರು ಉಳಿ ಮುಟ್ಟಲಿಲ್ಲ. ಒಪ್ಪಿಸುವ ಶಕ್ತಿ ನನಗಿರಲಿಲ್ಲ, ಒಪ್ಪಿಸಲು ಹೋಗಲೂ ಇಲ್ಲ. ಕೊನೆಗೆ ಅಕ್ಕನೇ ಬಗೆಹರಿಸಿದರು. "ಮರದ್ದೆಲ್ಲ ನಿಮ್ದು. ಅದ್ರೊಳಗೆ ಇರೋರು ಯಾರು ಅಂತ ಮಕ್ಳು ಹೇಳ್ಲಿ" ಎಂದು ಗಂಡನಿಗೆ ಉರ್ದುವಿನಲ್ಲಿ ಹೇಳಿ, ನನಗೆ ಕನ್ನಡದಲ್ಲಿ ಹೇಳಿದರು. ಮೂರನೆಯ ದಿನ ಸಾಬರು ಬಂದು ಕೂತು, ಬೆರಳುದ್ದದ ಒಂದು ಗೊಂತು ಕೀಸಿದರು. ಮೇವು ಹಾಕುವ ಗೊಂತು. ಅದಕ್ಕೆ ಎಮ್ಮೆ ಕಟ್ಟುವ ಗೂಟವನ್ನೂ ಸೇರಿಸಿದ್ದರು.

ಹುಡುಗಿಯರು ಕೆರೆಯಿಂದ ಜೇಡಿಮಣ್ಣು ತಂದು ಎಮ್ಮೆ ಮಾಡಿದರು. ದಿವಾನಖಾನೆಯ ಗೋಡೆಯಲ್ಲಿದ್ದ ಚಳಿ ಕಾಯಿಸುವ ಬೆಂಕಿಗೂಡಿನಲ್ಲಿ ಮೂರು ಗುಂಡು ಇಟ್ಟು ಒಲೆ ಮಾಡಿದರು. ಹುಣಿಸೆಬೀಜದಷ್ಟು ಮಡಿಕೆಗಳು, ಹಂಚಿಕಡ್ಡಿಯ ಪೊರಕೆ. ಮೇಲಿನ ಒಂದು ಕೋಣೆಯಲ್ಲಿ ದೇವರ ಗೂಡು. ಅಕ್ಕ ತಮ್ಮ ಪಾಲಿಗೆ ಎದುರು ಕೋಣೆಯಲ್ಲಿ ಕರ್ಚೀಫಿನಷ್ಟು ಜಮಖಾನ ಹಾಸಿ, "ಇದು ನಮಾಜಿಗೆ" ಎಂದರು. ಯಾರೂ ಬೇಡವೆನ್ನಲಿಲ್ಲ. ಆರು ಕೋಣೆ ಇದ್ದವಲ್ಲ.

ಮನೆ ಶಾಲೆಗೆ ವಾಪಸು ಹೋಗುವ ಹಿಂದಿನ ದಿನ ಸಾಬರು ಹೊಸಲಿಗೆ ಕೊನೆಯ ಸಲ ಎಣ್ಣೆ ಒರೆಸಿದರು. ಮಕ್ಕಳಿಗೆ ರಂಗೋಲಿ ಬೇಕಾಯಿತು. ಅವರ ಬೆರಳಿಗೆ ಅಷ್ಟು ಸಣ್ಣ ಎಳೆ ಬರಲಿಲ್ಲ. "ನೀವೇ ಬುಡಿ ಅಮ್ಮಾ" ಎಂದಳು ಹಾರನಹಳ್ಳಿಯವಳು. ಹದಿನಾರರಿಂದ ನಾನು ಯಾವ ಹೊಸಲಿನ ಮುಂದೂ ರಂಗೋಲಿ ಹಿಡಿದು ಕೂತವಳಲ್ಲ. ಬೇಡವೆಂದು ಯಾರೋ ಹೇಳಿದ್ದರು, ನಾನೂ ಬಿಟ್ಟಿದ್ದೆ. ಈಗ ಅದನ್ನೆಲ್ಲ ಮಕ್ಕಳಿಗೆ ವಿವರಿಸುವುದಕ್ಕಿಂತ ರಂಗೋಲಿ ಹಾಕಿಬಿಡುವುದೇ ಸುಲಭವೆನಿಸಿತು. ನಾಲ್ಕು ಚುಕ್ಕಿ ಇಟ್ಟು ಸುತ್ತ ಒಂದೆಳೆ ಎಳೆದೆ. ಎಳೆ ಸೊಟ್ಟಗಾಯಿತು. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಒಳಗೆ ಹೋಗಿ ಮುಖ ತೊಳೆದುಕೊಂಡೆ.

ಶಾಲೆಯಲ್ಲಿ ಮನೆಯನ್ನು ನೋಡಿ ಹೆಡ್‌ಮಿಸ್ಟ್ರೆಸ್ಸಿಗೆ ಹಿಗ್ಗೋ ಹಿಗ್ಗು. ಹಜಾರದಲ್ಲಿದ್ದ ತಮ್ಮ ಮೇಜನ್ನೇ ಒಳಗಿನ ಕೋಣೆಗೆ ಸರಿಸಿ ಅದಕ್ಕೆ ಜಾಗ ಮಾಡಿದರು. ಮೂರು ವಾರ ಅದು ಮಕ್ಕಳ ಕೈಯಲ್ಲಿತ್ತು. ಆಮೇಲೆ ಶಾಲೆಯ ತನಿಖೆಗೆ ಇನ್‌ಸ್ಪೆಕ್ಟ್ರೆಸ್ಸು ಬಂದರು. ಒಳ್ಳೆಯ ಹೆಂಗಸು. ಮಂಡಿಯೂರಿ ಕೂತು ಒಂದೊಂದು ಕೋಣೆಯನ್ನೂ ನೋಡಿದರು. ಎಮ್ಮೆ ನೋಡಿ ನಕ್ಕರು. ಹೊರಡುವಾಗ, "ಇಷ್ಟು ಕಷ್ಟಪಟ್ಟು ಮಾಡಿದ್ದೀರಿ. ಮಕ್ಕಳ ಕೈಗೆ ಕೊಟ್ಟರೆ ತಿಂಗಳು ಉಳಿಯಲ್ಲ. ಒಂದು ಬೀಗ ಹಾಕಿಸಿ, ಯಾರಾದರೂ ಬಂದಾಗ ತೆಗೆದು ತೋರಿಸಿ" ಎಂದರು.

ಆ ಸಂಜೆಯೇ ಬೀಗ ಬಂತು. ಬೀಗದಕೈ ಹೆಡ್‌ಮಿಸ್ಟ್ರೆಸ್ಸಿನ ಸೊಂಟದ ಗೊಂಚಲಿಗೆ ಸೇರಿತು. ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಆ ತಿಂಗಳು ಜ್ವರ ಮತ್ತೆ ಜೋರಾಗಿತ್ತು, ಎರಡು ಕ್ಲಾಸು ಒಟ್ಟಿಗೆ ನೋಡಿಕೊಳ್ಳಬೇಕಿತ್ತು, ಸಂಜೆಯಾದರೆ ಸಾಕು ಎನ್ನುವಂತಿತ್ತು. ಆಟದ ಹೊತ್ತಿನಲ್ಲಿ ಹುಡುಗಿಯರು ಅದರ ಕಿಟಕಿಗಳಿಗೆ ಕಣ್ಣಿಟ್ಟು ನಿಲ್ಲುತ್ತಿದ್ದರು. ಎಮ್ಮೆ ಮಗುಚಿಕೊಂಡಿತ್ತು. ಹಾರನಹಳ್ಳಿಯವಳು ಕಿಟಕಿಯಿಂದ ತೆಂಗಿನಕಡ್ಡಿ ತೂರಿಸಿ ಅದನ್ನು ಎತ್ತಿ ನಿಲ್ಲಿಸಲು ದಿನಾ ಒದ್ದಾಡುತ್ತಿದ್ದಳು. ಒಂದು ದಿನ ಕಡ್ಡಿ ಮುರಿದು ಒಳಗೇ ಉಳಿಯಿತು. ಆಮೇಲೆ ಅವಳು ಅದರ ಹತ್ತಿರ ಹೋಗುವುದನ್ನೇ ಬಿಟ್ಟಳು.

ಎರಡು ತಿಂಗಳಾದ ಮೇಲೆ ಮುರಿದ ಬೆಂಚುಗಳನ್ನು ಸರಿಮಾಡಲು ಬಡಗಿ ಸಾಬರು ಶಾಲೆಗೆ ಬಂದರು. ಬೆಂಚಿನ ಕಾಲು ಕೂರಿಸಿ, ಗೊಂಬೆಮನೆಯನ್ನು ತಡವಿ ನೋಡಲು ಹೋದವರ ಕೈಗೆ ಬೀಗ ಸಿಕ್ಕಿತು.

"ಇದೇನಮ್ಮ?"

ಹೇಳಿದೆ.

"ಬೀಗ ಆಕಾಕೆ ನಾನು ಕಣ್ಣು ಕಳ್ಕಂಡು ಮಾಡಿದ್ನಾ?" ಎಂದರು. ದನಿ ಏರಿಸಿ ಅಂದದ್ದಲ್ಲ. ಆಮೇಲೆ ಚೀಲದಿಂದ ಒಂದು ಸಣ್ಣ ಉಳಿ ತೆಗೆದು, ಬೀಗ ಹಾಕಿದ ಕಡೆಯಲ್ಲ, ಎದುರು ಕಡೆಯ ಕೀಲುಗಳನ್ನು ಒಂದೊಂದಾಗಿ ಎಬ್ಬಿಸಿದರು. ಆ ಕಡೆಯಿಂದ ಎಳೆದೊಡನೆ ಬೀಗದ ಕೊಂಡಿಯೂ ಕಿತ್ತು, ಮುಂದಿನ ಗೋಡೆ ಪೂರ್ತಿ ಬೀಗದ ಸಮೇತ ಕೈಗೆ ಬಂತು. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೆಡ್‌ಮಿಸ್ಟ್ರೆಸ್ಸಿನ ಕೋಣೆಯ ಬಾಗಿಲಲ್ಲಿ ನಿಂತರು.

"ಅಮ್ಮಾವ್ರೇ, ಇದ್ರ ಕೀಲು ಸವ್ದೋಗದೆ. ರಿಪೇರಿ ಮಾಡ್ಕಬತ್ತೀನಿ."

"ಸರಿ, ಬೇಗ ತನ್ನಿ" ಎಂದರು ಅವರು ಕಾಗದದಿಂದ ತಲೆ ಎತ್ತದೆ.

ಅದು ಮತ್ತೆ ಬರಲಿಲ್ಲ. ಮೊದಲು ವಾರಕ್ಕೊಮ್ಮೆ ಹೆಡ್‌ಮಿಸ್ಟ್ರೆಸ್ಸು ನನ್ನನ್ನು ಕೇಳುತ್ತಿದ್ದರು. "ಸಾಬರಿಗೆ ಹೇಳಿದ್ದೀನಿ" ಎನ್ನುತ್ತಿದ್ದೆ. ಸುಳ್ಳು. ಸಾಬರಿಗೆ ನಾನು ಏನೂ ಹೇಳಿರಲಿಲ್ಲ. ಬರಬರುತ್ತ ಅವರು ಕೇಳುವುದು ಕಡಿಮೆಯಾಯಿತು. ಒಂದು ಸಂಜೆ ಮರೆತ ಛತ್ರಿಗೆಂದು ಶಾಲೆಗೆ ವಾಪಸು ಬಂದಾಗ, ಹೆಡ್‌ಮಿಸ್ಟ್ರೆಸ್ಸು ಒಬ್ಬರೇ ಗೊಂಬೆಮನೆಯ ಮುಂದೆ ನೆಲದ ಮೇಲೆ ಕೂತು, ಚದುರಿದ್ದ ಮಡಿಕೆಗಳನ್ನು ಒಲೆಯ ಪಕ್ಕ ಸಾಲಾಗಿ ಜೋಡಿಸುತ್ತಿದ್ದರು. ನಾನು ಛತ್ರಿಯನ್ನು ಬಿಟ್ಟು ಹಾಗೇ ತಿರುಗಿ ಬಂದೆ. ಆಮೇಲೆ ಬಾಗಿಲಿನ ಮಾತು ಬರಲೇ ಇಲ್ಲ.

ಬೀಗ ಹಾಕಿದ್ದ ಆ ಬಾಗಿಲು ಎಲ್ಲಿದೆಯೆಂದು ರಂಜಾನ್ ತಿಂಗಳಲ್ಲಿ ಕಂಡೆ. ಅಕ್ಕ ಅದನ್ನು ಮಾಡಿನ ಮೇಲೆ ಹಾಕಿ ಶಾವಿಗೆ ಒಣಗಿಸುತ್ತಿದ್ದರು.

ಇನ್‌ಸ್ಪೆಕ್ಟ್ರೆಸ್ಸು ಹೇಳಿದ್ದು ಸುಳ್ಳಾಗಲಿಲ್ಲ. ವರ್ಷ ತುಂಬುವುದರೊಳಗೆ ಮೆಟ್ಟಿಲು ಮತ್ತೆ ಮುರಿಯಿತು. ಎಮ್ಮೆ ಹತ್ತು ಸಲ ಒಡೆದು ಹತ್ತು ಸಲ ಹೊಸದಾಯಿತು. ಜಮಖಾನ ಯಾರದೋ ಜೇಬಿನಲ್ಲಿ ಹೋಯಿತು. ನೀಲಿ ಕಾಗದದ ಮೇಲೆ ಯಾವಳೋ ಮಸಿಯಿಂದ ಹಸುವಿನ ಚಿತ್ರ ಬರೆದಳು. ಒಂದು ಬೇಸಗೆ ರಜದಲ್ಲಿ ನಾನು ಕೂತು ಮತ್ತೆ ಅಂಟಿಸಿದೆ, ಸಾಬರು ಮೆಟ್ಟಿಲು ಹಾಕಿಕೊಟ್ಟರು. ಅಷ್ಟು ಹೊತ್ತಿಗೆ ಅವರಿಗೆ ಒಂದು ಕಣ್ಣು ಪೂರ್ತಿ ಹೋಗಿತ್ತು. ಎರಡನೆಯ ವರ್ಷ ನನ್ನ ಕೈಲಾಗಲಿಲ್ಲ. ಮಕ್ಕಳೇ ರಾಗಿ ಗಂಜಿ ಕಾಯಿಸಿ ತಂದು, ಅವರಿಗೆ ತೋಚಿದ ಹಾಗೆ ಅಂಟಿಸಿದರು. ಗೋಡೆ ಉಬ್ಬುತಗ್ಗಾಯಿತು. ಯಾರೂ ಲಕ್ಷ್ಯ ಮಾಡಲಿಲ್ಲ.

ಬಡಗಿ ಸಾಬರು ತೀರಿಕೊಂಡದ್ದು ಮಳೆಗಾಲದಲ್ಲಿ. ಹೆಚ್ಚು ನರಳಲಿಲ್ಲ. ಅಕ್ಕನನ್ನು ಮಗಳು ಬಂದು ಪಿರಿಯಾಪಟ್ಟಣಕ್ಕೆ ಕರೆದುಕೊಂಡು ಹೋದಳು. ಹೋಗುವಾಗ ಅಕ್ಕ ನನ್ನ ಕೈ ಹಿಡಿದು, "ಗಂಜಿ ನೀವೇ ಕಾಯ್ಸ್ಕೊಬೇಕು ಇನ್ಮೇಲೆ" ಎಂದರು. ಎದುರುಮನೆಗೆ ಬೇರೆಯವರು ಬಂದು ಅಂಗಳದಲ್ಲಿ ಕಟ್ಟಿಗೆ ಡಿಪೋ ಇಟ್ಟರು.

ಮರುವರ್ಷ ನನಗೆ ಮತ್ತೆ ಕೋಟೆ ತಾಲ್ಲೂಕಿಗೇ ವರ್ಗದ ಆರ್ಡರು ಬಂತು. ಈ ಸಲ ಇನ್ನೂ ಆಚೆ, ಮಲೆಯಾಳದ ಗಡಿಯ ಕಡೆ, ಎನ್. ಬೇಗೂರಿಗೆ. ಬೇಡವೆಂದು ಅರ್ಜಿ ಬರೆಯಬಹುದಿತ್ತು. ಹೆಡ್‌ಮಿಸ್ಟ್ರೆಸ್ಸು ಕಾಗದವನ್ನೂ ಮುಂದಿಟ್ಟರು. ಪೆನ್ನು ಹಿಡಿದು ಎರಡು ಸಾಲು ಬರೆದೆ, ಮೂರನೆಯದಕ್ಕೆ ಹೋಗಲಿಲ್ಲ.

ಹೊರಡುವ ದಿನ ಚಾರ್ಜು ವಹಿಸಿಕೊಡಲು ಶಾಲೆಗೆ ಹೋದೆ. ಗೊಂಬೆಮನೆಯ ಮುಂದೆ ಆರೇಳು ಹುಡುಗಿಯರು ಕೂತಿದ್ದರು. ಹಾರನಹಳ್ಳಿಯವಳು ಅಷ್ಟು ಹೊತ್ತಿಗೆ ಶಾಲೆ ಬಿಟ್ಟು ಊರಿಗೆ ಹೋಗಿದ್ದಳು. ಇವರೆಲ್ಲ ಅವಳನ್ನು ನೋಡದ ಸಣ್ಣವರು. ಇವತ್ತು ಮೇವು ಹಾಕುವ ಸರದಿ ಯಾರದು ಎಂದು ಜೋರು ಜಗಳ ನಡೆದಿತ್ತು. ಕೊಟ್ಟಿಗೆ ಈಗ ಎರಡು ಕೋಣೆಗೆ ಹಬ್ಬಿತ್ತು. ನಾಲ್ಕು ಎಮ್ಮೆ, ಒಂದು ಕರು. ನಾನು ಬಾಗಿಲಲ್ಲಿ ನಿಂತದ್ದನ್ನು ಯಾರೂ ನೋಡಲಿಲ್ಲ. ಕರೆಯಬೇಕೆನಿಸಲಿಲ್ಲ.

ಬೇಗೂರಿನ ಶಾಲೆ ಒಂದೇ ಕೋಣೆಯದು. ಒಂದು ಗೋಡೆಯ ಗಾರೆ ಪೂರ್ತಿ ಉದುರಿತ್ತು. ಹತ್ತೊಂಬತ್ತು ಮಕ್ಕಳು ಉದುರಿದ ಗಾರೆಯನ್ನು ಬೆರಳಿನಿಂದ ಕೆದಕುತ್ತ ನನ್ನನ್ನೇ ನೋಡಿಕೊಂಡು ಕೂತಿದ್ದರು. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ಮಲೆಯಾಳ. ಮೊದಲ ದಿನ ಹೆಸರು ಕೇಳಿ ಬರೆದುಕೊಳ್ಳುವುದರಲ್ಲೇ ಹೊತ್ತು ಹೋಯಿತು. ಎರಡನೆಯ ದಿನ ಊರಗೌಡರಿಗೆ ಹೇಳಿಕಳಿಸಿ, ಆ ಗೋಡೆಗೆ ಗಾರೆ ಮೆತ್ತಲು ಒಂದು ಬುಟ್ಟಿ ಸುಣ್ಣ ತರಿಸಿ ನೀರಿಗೆ ಹಾಕಿದೆ. ಅದು ಕುದ್ದು ಆರುವ ತನಕ ಹೊಸಲ ಮೇಲೆ ಕೂತಿದ್ದೆ.